ಶ್ವಾಸಕೋಶ ಕ್ಯಾನ್ಸರ್ ತಪಾಸಣೆ: ಸ್ಕ್ಯಾನಿಗೆ ಹಣವಿದೆ, ಅಳತೆಗೋಲಿಗೆ ಯಾರು ಕೊಡುತ್ತಾರೆ?

ಸಿ.ಟಿ. ಸ್ಕ್ಯಾನಿನ ಪರದೆಯ ಮೇಲೆ, ಒಬ್ಬರ ಶ್ವಾಸಕೋಶದ ಮೇಲ್ಭಾಗದಲ್ಲಿ, 5 ಮಿಲಿಮೀಟರ್ ಅಡ್ಡಗಲದ ಒಂದು ಗಂಟು ಕಂಡಿತು ಎಂದಿಟ್ಟುಕೊಳ್ಳೋಣ. ಕಾಳುಮೆಣಸಿನಷ್ಟು ಗಾತ್ರ. ಇಂಥ ಗಂಟುಗಳಲ್ಲಿ ಬಹುಪಾಲು ಅಪಾಯವಿಲ್ಲದವು. ಹಳೆಯ ಸೋಂಕು ಬಿಟ್ಟುಹೋದ ಕಲೆಯೋ, ಚಿಕ್ಕ ದುಗ್ಧರಸ ಗ್ರಂಥಿಯೋ (ಲಿಂಫ್ ನೋಡ್) ಆಗಿರುತ್ತವೆ. ಆದ್ದರಿಂದ ವೈದ್ಯರು ಕೂಡಲೇ ಬಯಾಪ್ಸಿಗೆ ಮುಂದಾಗದೆ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಲು ಹೇಳುತ್ತಾರೆ. ಆ ಎರಡನೆಯ ಚಿತ್ರದಲ್ಲಿ ಅಡ್ಡಗಲ 6.3 ಮಿಲಿಮೀಟರ್ ಬಂದರೆ, ಹೆಚ್ಚಿದ್ದು ಒಂದೂಕಾಲು ಮಿಲಿಮೀಟರಿನಷ್ಟು ತಾನೇ ಎನ್ನಿಸಬಹುದು. ಆದರೆ ಗೋಳದ ಘನಗಾತ್ರವು ಅಡ್ಡಗಲದ ಮೂರನೆಯ ಘಾತದಂತೆ ಏರುವುದರಿಂದ ಗಂಟು ಇಮ್ಮಡಿಯಾಗಿದೆ ಎಂದೇ ಲೆಕ್ಕ, ಮತ್ತು ಮೂರು ತಿಂಗಳಲ್ಲಿ ಇಮ್ಮಡಿಯಾಗುವ ಗಂಟನ್ನು ಯಾವ ವೈದ್ಯರೂ ಸುಮ್ಮನೆ ಬಿಡುವುದಿಲ್ಲ. ಆದರೆ ಎರಡನೆಯ ಸ್ಕ್ಯಾನ್ ಬೇರೆ ಯಂತ್ರದಲ್ಲಿ ಆಗಿದ್ದರೆ, ಚಿತ್ರದ ಪದರಗಳ ದಪ್ಪ ಮೊದಲು 1 ಮಿಲಿಮೀಟರ್ ಇದ್ದು ಈ ಬಾರಿ 2.5 ಆಗಿದ್ದರೆ, ಅಥವಾ ಅಳೆಯುವ ಸಾಫ್ಟ್‌ವೇರೇ ಬದಲಾಗಿದ್ದರೆ, ಬೆಳೆದದ್ದು ಗಂಟೋ ಅಳತೆಗೋಲೋ ಎಂಬುದನ್ನು ಖಚಿತವಾಗಿ ಹೇಳುವುದು ಕಷ್ಟ.

ಶ್ವಾಸಕೋಶ ಕ್ಯಾನ್ಸರ್ ತಪಾಸಣೆಗೆ ದೇಶದೇಶಗಳು ಕೂಡಿ ಸಂಶೋಧನೆ ನಡೆಸುವುದರ ಬಗ್ಗೆ, ಅದಕ್ಕೆ ಬೇಕಾಗುವ ಹಣದ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ಬಹಳ ಚರ್ಚೆಯಾಗುತ್ತಿದೆ. ಆ ಚರ್ಚೆಯ ಹೆಚ್ಚಿನ ಭಾಗ ಒಟ್ಟು ಮೊತ್ತದ ಸುತ್ತಲೇ ತಿರುಗುತ್ತದೆ. ನನ್ನ ದೃಷ್ಟಿಯಲ್ಲಿ ಮೊತ್ತಕ್ಕಿಂತ ಮುಖ್ಯವಾದದ್ದು ಆ ಹಣ ಯಾವ ಕೆಲಸಕ್ಕೆ ಹರಿಯುತ್ತದೆ, ಯಾವುದಕ್ಕೆ ಹರಿಯುವುದೇ ಇಲ್ಲ ಎಂಬುದು. ತನ್ನ ಪ್ರಜೆಗಳ ಸ್ಕ್ಯಾನಿಗೆ ಹಣ ಕೊಡಲು ಯಾವ ಸರ್ಕಾರವೂ ಒಪ್ಪೀತು. ಎಲ್ಲರಿಗೂ ಬೇಕಾದ, ಆದರೆ ಯಾರೊಬ್ಬರ ಸ್ವತ್ತೂ ಅಲ್ಲದ ಅಳತೆಗೋಲು, ದೀರ್ಘಕಾಲದ ಅನುಸರಣೆ ಮತ್ತು ಹಂಚಿಕೊಂಡ ದತ್ತಾಂಶಕ್ಕೆ ಹಣ ಹೊಂದಿಸುವುದೇ ನಿಜವಾದ ತೊಡಕು.

ರೋಗದ ಪ್ರಮಾಣವನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗಬಹುದು. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 24.8 ಲಕ್ಷ ಜನರಿಗೆ ಹೊಸದಾಗಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು, ಸುಮಾರು 18 ಲಕ್ಷ ಜನ ಅದರಿಂದ ಸತ್ತರು. ಕ್ಯಾನ್ಸರಿನಿಂದಾಗುವ ಒಟ್ಟು ಸಾವುಗಳಲ್ಲಿ ಇದು ಶೇ 18.7. ಶ್ವಾಸಕೋಶದ ಒಳಗೆ ನೋವಿನ ಅರಿವು ಕಡಿಮೆ. ಕೆಮ್ಮಿನಲ್ಲಿ ರಕ್ತ ಕಾಣುವ ಹೊತ್ತಿಗೆ ಗೆಡ್ಡೆ ಅನೇಕ ವೇಳೆ ಶಸ್ತ್ರಚಿಕಿತ್ಸೆಯ ಹಂತವನ್ನು ದಾಟಿರುತ್ತದೆ. ಲಕ್ಷಣ ಕಾಣುವ ಮೊದಲೇ ಹುಡುಕಬೇಕೆಂಬ ಆಸೆ ಹುಟ್ಟಿದ್ದು ಇಲ್ಲಿಂದ.

ಆಸೆ ಹಳೆಯದು, ಉತ್ತರ ಮಾತ್ರ ತಡವಾಗಿ ಬಂತು. 1970ರ ದಶಕದಲ್ಲಿ ಅಮೆರಿಕದಲ್ಲೂ ಆಗಿನ ಚೆಕೊಸ್ಲೊವಾಕಿಯದಲ್ಲೂ ಎದೆಯ ಎಕ್ಸ್-ರೇ ಮತ್ತು ಕಫದ ಪರೀಕ್ಷೆಯನ್ನು ಆಧರಿಸಿ ನಡೆದ ಪ್ರಯೋಗಗಳಲ್ಲಿ ಕ್ಯಾನ್ಸರ್ ಹೆಚ್ಚಾಗಿ ಪತ್ತೆಯಾಯಿತಾದರೂ ಸಾವು ಕಡಿಮೆಯಾಗಲಿಲ್ಲ. ತಪಾಸಣೆಯ ಸಂಶೋಧನೆ ಏಕೆ ಇಷ್ಟು ದುಬಾರಿ ಎಂಬುದು ಈ ಸೋಲಿನಲ್ಲೇ ಅಡಗಿದೆ. 2030ರಲ್ಲಿ ಸಾಯಬೇಕಾಗಿದ್ದವರ ರೋಗವನ್ನು 2028ರ ಬದಲು 2025ರಲ್ಲೇ ಕಂಡುಹಿಡಿದರೆ, ಅವರು 2030ರಲ್ಲೇ ಸತ್ತರೂ ರೋಗ ಪತ್ತೆಯಾದ ಮೇಲೆ ಬದುಕಿದ ಅವಧಿ ಎರಡು ವರ್ಷದಿಂದ ಐದು ವರ್ಷಕ್ಕೆ ಏರಿದಂತೆ ಕಾಣುತ್ತದೆ. ಜೊತೆಗೆ, ಎಂದೂ ತೊಂದರೆ ಕೊಡದೆ ಉಳಿಯಬಹುದಾಗಿದ್ದ ನಿಧಾನಗತಿಯ ಗೆಡ್ಡೆಗಳೂ ಪತ್ತೆಯಾಗಿ ಗುಣವಾದವರ ಪಟ್ಟಿಯನ್ನು ಹಿಗ್ಗಿಸುತ್ತವೆ. ಈ ಭ್ರಮೆಗಳನ್ನು ಕಳೆಯಬೇಕಾದರೆ ಹತ್ತಾರು ಸಾವಿರ ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ವರ್ಷಗಟ್ಟಲೆ ಕಾದು, ಎರಡೂ ಕಡೆಯ ಸಾವುಗಳನ್ನು ಎಣಿಸುವುದೊಂದೇ ದಾರಿ.

ಆ ದಾರಿಯಲ್ಲಿ ಮೊದಲು ಗುರಿ ಮುಟ್ಟಿದ್ದು ಅಮೆರಿಕದ ರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಪ್ರಯೋಗ, ಅಂದರೆ ಎನ್‌ಎಲ್‌ಎಸ್‌ಟಿ. 33 ಕೇಂದ್ರಗಳಲ್ಲಿ 53,454 ಮಂದಿ ಭಾರೀ ಧೂಮಪಾನಿಗಳನ್ನು 2002ರಿಂದ 2004ರವರೆಗೆ ಸೇರಿಸಿಕೊಂಡು, ಅರ್ಧದಷ್ಟು ಜನರಿಗೆ ಮೂರು ವಾರ್ಷಿಕ ಸುತ್ತುಗಳಲ್ಲಿ ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನ್, ಉಳಿದವರಿಗೆ ಎಕ್ಸ್-ರೇ ಮಾಡಲಾಯಿತು. ಸಿ.ಟಿ. ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ 20ರಷ್ಟು ಕಡಿಮೆಯಾಯಿತೆಂಬ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹಣವೆಲ್ಲ ಬಂದದ್ದು ಒಂದೇ ಮೂಲದಿಂದ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಿಂದ; ಸಾಮಾನ್ಯವಾಗಿ ಉಲ್ಲೇಖವಾಗುವ ಮೊತ್ತ ಸುಮಾರು 25 ಕೋಟಿ ಡಾಲರ್. ಇದೇ ಪ್ರಯೋಗ ತಪಾಸಣೆಯ ಇನ್ನೊಂದು ಮುಖವನ್ನೂ ತೋರಿಸಿತು: ಸಿ.ಟಿ. ಗುಂಪಿನಲ್ಲಿ ಬಂದ 'ಸಂಶಯಾಸ್ಪದ' ಫಲಿತಾಂಶಗಳಲ್ಲಿ ಶೇ 96ಕ್ಕೂ ಹೆಚ್ಚಿನವು ಕೊನೆಗೆ ಕ್ಯಾನ್ಸರ್ ಆಗಿರಲಿಲ್ಲ.

ಅಷ್ಟು ದೊಡ್ಡ ಮೊತ್ತವನ್ನು ಒಂದೇ ಕೈಯಿಂದ ಕೊಡಬಲ್ಲ ಸಂಸ್ಥೆ ಯುರೋಪಿನಲ್ಲಿ ಇರಲಿಲ್ಲ. ಹಾಗಾಗಿ ಅಲ್ಲಿ ನಡೆದದ್ದು ಬೇರೆಯೇ ಕಥೆ, ಮತ್ತು ಸಹಕಾರದ ಕೊರತೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. 2001ರಿಂದ 2011ರ ನಡುವೆ ಇಟಲಿಯಲ್ಲಿ ಡಾಂಟೆ, ಇಟಾಲಂಗ್, ಮೈಲ್ಡ್ ಎಂಬ ಮೂರು, ಡೆನ್ಮಾರ್ಕಿನಲ್ಲಿ ಒಂದು, ಜರ್ಮನಿಯಲ್ಲಿ ಒಂದು, ಬ್ರಿಟನ್ನಿನಲ್ಲಿ ಒಂದು, ಹೀಗೆ ಆರು ಪ್ರಯೋಗಗಳು ಬೇರೆಬೇರೆಯಾಗಿ ಆರಂಭವಾದವು. ಡೆನ್ಮಾರ್ಕಿನದರಲ್ಲಿ 4,104 ಜನ, ಜರ್ಮನಿಯದರಲ್ಲಿ 4,052, ಬ್ರಿಟನ್ನಿನದರಲ್ಲಿ 4,055. ಉಳಿದವೂ ಹೆಚ್ಚುಕಡಿಮೆ ಇದೇ ಗಾತ್ರದವು, ಇಲ್ಲವೇ ಇನ್ನೂ ಚಿಕ್ಕವು. ಸಾವಿನ ಪ್ರಮಾಣದ ಬಗ್ಗೆ ತಾನೊಂದೇ ನಿಂತು ನಿರ್ಣಾಯಕ ಉತ್ತರ ಕೊಡುವಷ್ಟು ಬಲ ಇವುಗಳಲ್ಲಿ ಬಹುತೇಕ ಯಾವುದಕ್ಕೂ ಇರಲಿಲ್ಲ. ಆರನ್ನೂ ಕೂಡಿಸಿದರೆ ಸುಮಾರು 22,000 ಜನ. ಯುರೋಪಿನಲ್ಲಿ ಕೊನೆಗೆ ಸ್ಪಷ್ಟ ಉತ್ತರ ಕೊಟ್ಟ ಡಚ್-ಬೆಲ್ಜಿಯನ್ 'ನೆಲ್ಸನ್' ಪ್ರಯೋಗದಲ್ಲಿ ಇದ್ದವರು 15,789. ಅಂದರೆ, ಆರು ಪ್ರಯೋಗಗಳು ಮೊದಲ ದಿನದಿಂದಲೇ ಒಂದೇ ವಯೋಮಿತಿ, ಒಂದೇ ಅಂತರ, ಒಂದೇ ಅಳತೆಯ ಕ್ರಮವನ್ನು ಅನುಸರಿಸಿದ್ದರೆ ನೆಲ್ಸನ್‌ಗಿಂತಲೂ ದೊಡ್ಡ ಪ್ರಯೋಗವೊಂದು ಯುರೋಪಿನ ಕೈಯಲ್ಲಿರುತ್ತಿತ್ತು. ನಂತರ ಅವುಗಳ ದತ್ತಾಂಶವನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದ್ದು ನಿಜ, ಅದರಿಂದ ಪ್ರಯೋಜನವೂ ಆಗಿದೆ. ಆದರೆ ಬೇರೆಬೇರೆ ಅಚ್ಚಿನಲ್ಲಿ ಎರಕವಾದದ್ದನ್ನು ಕೊನೆಗೆ ಬೆಸೆಯುವುದಕ್ಕೂ ಆರಂಭದಲ್ಲೇ ಒಂದಾಗಿ ಎರಕ ಹೊಯ್ಯುವುದಕ್ಕೂ ವ್ಯತ್ಯಾಸವಿದೆ.

ನೆಲ್ಸನ್ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. 2003ರಲ್ಲಿ ಆರಂಭವಾದ ಅದರ ಅಂತಿಮ ಫಲಿತಾಂಶ ಪ್ರಕಟವಾದದ್ದು 2020ರಲ್ಲಿ; ಪುರುಷರಲ್ಲಿ ಹತ್ತು ವರ್ಷಗಳ ಅವಧಿಗೆ ಶ್ವಾಸಕೋಶ ಕ್ಯಾನ್ಸರಿನ ಸಾವು ಶೇ 24ರಷ್ಟು ಇಳಿದಿತ್ತು. ಅದರ ಹೆಚ್ಚು ಬಾಳಿಕೆಯ ಕೊಡುಗೆ ಮಾತ್ರ ಅಳತೆಯ ಕ್ರಮ. ಗಂಟನ್ನು ಅಡ್ಡಗಲದಿಂದ ಅಳೆಯುವ ಬದಲು ಕಂಪ್ಯೂಟರಿನ ನೆರವಿನಿಂದ ಘನಗಾತ್ರವನ್ನೇ ಲೆಕ್ಕ ಹಾಕಿ, 50 ಘನ ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 500ಕ್ಕಿಂತ ಹೆಚ್ಚಿದ್ದರೆ ತಜ್ಞರಲ್ಲಿಗೆ, ನಡುವಿನದಾದರೆ ಮೂರು ತಿಂಗಳ ನಂತರ ಮರುಸ್ಕ್ಯಾನ್, ಇಮ್ಮಡಿಯಾಗಲು 400 ದಿನಗಳಿಗಿಂತ ಕಡಿಮೆ ಸಮಯ ಸಾಕಾದರೆ ಅನುಮಾನ ಎಂಬ ನಿಯಮವನ್ನು ಅದು ಬಳಸಿತು. ಇದರಿಂದ ಸಂಶಯಾಸ್ಪದವೆಂದು ಗುರುತಿಸಲಾದ ಸ್ಕ್ಯಾನ್‌ಗಳು ಒಟ್ಟಾರೆ ಶೇ 2.1ಕ್ಕೆ ಇಳಿದವು, ಎನ್‌ಎಲ್‌ಎಸ್‌ಟಿಯ ಸಿ.ಟಿ. ಗುಂಪಿನಲ್ಲಿ ಇದು ಶೇ 24ರ ಆಸುಪಾಸಿನಲ್ಲಿತ್ತು. ಅನಗತ್ಯ ಆತಂಕ, ಅನಗತ್ಯ ಬಯಾಪ್ಸಿ ಎರಡೂ ಈ ವ್ಯತ್ಯಾಸದಲ್ಲೇ ಕಡಿಮೆಯಾಗುತ್ತವೆ.

ನೆಲ್ಸನ್ ತೆಗೆದುಕೊಂಡ ಆ ಹದಿನೇಳು ವರ್ಷಗಳನ್ನು ಅನುದಾನದ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಬೇಕು. ಸಂಶೋಧನಾ ಅನುದಾನಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷದವು. ಸ್ಕ್ಯಾನ್ ಮಾಡುವ ವರ್ಷಗಳಲ್ಲಿ ಹಣ ಖರ್ಚಾಗುವುದು ಕಣ್ಣಿಗೆ ಕಾಣುತ್ತದೆ, ಯಂತ್ರ ಓಡುತ್ತದೆ, ಜನ ಬರುತ್ತಾರೆ, ವರದಿಗಳು ಸಲ್ಲಿಕೆಯಾಗುತ್ತವೆ. ಆ ನಂತರದ ಏಳೆಂಟು ವರ್ಷ ಮಾಡುವ ಕೆಲಸವೆಂದರೆ ಯಾರು ಬದುಕಿದ್ದಾರೆ, ಯಾರು ಯಾವ ಕಾರಣದಿಂದ ಸತ್ತರು ಎಂದು ಮರಣ ದಾಖಲೆಗಳನ್ನು ಪರಿಶೀಲಿಸುವುದು. ಆ ಪರಿಶೀಲನೆಗೆ ಹಣ ಕೇಳುವ ಅರ್ಜಿಯಲ್ಲಿ 'ಹೊಸತನ' ಎಂಬ ಕಾಲಂ ತುಂಬಲು ಏನೂ ಸಿಗುವುದಿಲ್ಲ. ಆದರೆ ಪ್ರಯೋಗದ ಇಡೀ ಉತ್ತರ ಇರುವುದೇ ಅಲ್ಲಿ.

ಇನ್ನು ದೇಶಗಳು ಕೂಡಿ ಹಣ ಹಾಕುವ ಬಗೆ. ಇದಕ್ಕೆ ಸ್ಥೂಲವಾಗಿ ಎರಡು ವಿಧಾನಗಳಿವೆ. ಒಂದು, ನಿಜವಾದ ಸಾಮಾನ್ಯ ನಿಧಿ: ಎಲ್ಲರೂ ಒಂದೇ ಪೆಟ್ಟಿಗೆಗೆ ಹಾಕುತ್ತಾರೆ, ಅರ್ಹ ಯೋಜನೆಗೆ ಹಣ ಹೋಗುತ್ತದೆ, ಅದು ಯಾವ ದೇಶದ್ದಾದರೂ ಸರಿ. ಯುರೋಪಿಯನ್ ಒಕ್ಕೂಟದ ಹೊರೈಜನ್ ಸಂಶೋಧನಾ ಕಾರ್ಯಕ್ರಮ ಈ ಬಗೆಯದು. 2021ರಿಂದ 2027ರವರೆಗಿನ ಅವಧಿಗೆ ಆರಂಭದಲ್ಲಿ ನಿಗದಿಯಾಗಿದ್ದ ಅದರ ಒಟ್ಟು ಗಾತ್ರ 9,500 ಕೋಟಿ ಯೂರೋಗಿಂತ ಹೆಚ್ಚು. ಎರಡನೆಯದು ಹೆಸರಿಗಷ್ಟೇ ಸಾಮಾನ್ಯವಾದ ನಿಧಿ: ಅರ್ಜಿಗಳ ಆಯ್ಕೆ ಒಟ್ಟಿಗೆ ನಡೆಯುತ್ತದೆ, ಆದರೆ ಪ್ರತಿ ದೇಶದ ಸಂಸ್ಥೆಯೂ ತನ್ನ ದೇಶದ ಸಂಶೋಧಕರ ಪಾಲನ್ನು ಮಾತ್ರ ಭರಿಸುತ್ತದೆ. ಯುರೋಪಿನ ಕ್ಯಾನ್ಸರ್ ಸಂಶೋಧನಾ ಅನುದಾನ ಸಂಸ್ಥೆಗಳ ಟ್ರಾನ್ಸ್‌ಕ್ಯಾನ್ ಜಾಲವೂ 2009ರಲ್ಲಿ ಸ್ಥಾಪನೆಯಾದ ದೀರ್ಘಕಾಲೀನ ರೋಗಗಳ ಜಾಗತಿಕ ಒಕ್ಕೂಟವೂ ಬಹುಮಟ್ಟಿಗೆ ಹೀಗೆಯೇ ನಡೆಯುತ್ತವೆ. ತೆರಿಗೆದಾರರ ಹಣ ಗಡಿ ದಾಟುವುದಿಲ್ಲವಾದ್ದರಿಂದ ರಾಜಕೀಯವಾಗಿ ಇದು ಸುಲಭ. ತೊಂದರೆಯೆಂದರೆ, ನಾಲ್ಕು ದೇಶಗಳ ಒಂದು ಉತ್ತಮ ಯೋಜನೆಯಲ್ಲಿ ಒಂದು ದೇಶದ ಪಾಲು ಆ ವರ್ಷಕ್ಕೆ ಮುಗಿದುಹೋಗಿದ್ದರೆ ಇಡೀ ಯೋಜನೆಯೇ ಕುಂಟುತ್ತದೆ. ಗಟ್ಟಿಯಾದ ಸಂಶೋಧನಾ ಅನುದಾನ ಸಂಸ್ಥೆಯೇ ಇಲ್ಲದ ದೇಶಕ್ಕಂತೂ ಬಾಗಿಲಲ್ಲೇ ತಡೆ. ಮತ್ತೊಂದು ತೊಂದರೆ ಕಣ್ಣಿಗೆ ಬೀಳದಂಥದ್ದು: ಎಲ್ಲ ಕೇಂದ್ರಗಳ ಯಂತ್ರಗಳನ್ನು ಒಂದೇ ಮಾದರಿ ವಸ್ತುವಿನಿಂದ ಪರೀಕ್ಷಿಸಿ ಸರಿಹೊಂದಿಸುವ, ದತ್ತಾಂಶವನ್ನು ಒಂದೇ ರೂಪಕ್ಕೆ ತರುವ ಕೆಲಸ ಯಾವ ದೇಶದ ಪಾಲಿಗೂ ಸೇರುವುದಿಲ್ಲ, ಹಾಗಾಗಿ ಯಾರ ಬಜೆಟ್ಟಿನಲ್ಲೂ ಅದಕ್ಕೆ ಜಾಗವಿರುವುದಿಲ್ಲ.

ಈ ಎರಡೂ ವಿಧಾನಗಳಿಗೆ ಹೊರಗೆ, ಸಂಶೋಧಕರೇ ಅಲ್ಲಲ್ಲಿ ಬೇಡಿ ಕೂಡಿಸಿದ ಹಣದಿಂದ ನಡೆದ ಕೆಲಸಗಳೂ ಇವೆ. ಕೆನಡಾ, ಆಸ್ಟ್ರೇಲಿಯ, ಹಾಂಗ್‌ಕಾಂಗ್ ಮತ್ತು ಬ್ರಿಟನ್ ಸೇರಿ 2015ರಿಂದ 5,819 ಜನರನ್ನು ಒಳಗೊಂಡು ನಡೆಸಿದ ಅಂತರರಾಷ್ಟ್ರೀಯ ಶ್ವಾಸಕೋಶ ತಪಾಸಣಾ ಪ್ರಯೋಗ ಅಂಥದ್ದು. ಯಾರನ್ನು ತಪಾಸಣೆಗೆ ಕರೆಯಬೇಕು ಎಂಬುದನ್ನು ವಯಸ್ಸು ಮತ್ತು ಸಿಗರೇಟಿನ ಲೆಕ್ಕದಿಂದ ತೀರ್ಮಾನಿಸುವುದು ಮೇಲೋ, ಕುಟುಂಬದ ಇತಿಹಾಸ, ಶಿಕ್ಷಣ, ಇತರ ಶ್ವಾಸಕೋಶದ ಕಾಯಿಲೆಗಳನ್ನೂ ಸೇರಿಸಿದ ಅಪಾಯದ ಸೂತ್ರದಿಂದ ತೀರ್ಮಾನಿಸುವುದು ಮೇಲೋ ಎಂಬ ಪ್ರಶ್ನೆಗೆ, ಸೂತ್ರವೇ ಹೆಚ್ಚು ದಕ್ಷ ಎಂಬತ್ತ ಅದು 2022ರಲ್ಲಿ ಬೊಟ್ಟುಮಾಡಿತು. ಆ ಪ್ರಬಂಧದ ಕೊನೆಯಲ್ಲಿರುವ ದಾನಿಗಳ ಪಟ್ಟಿಯನ್ನು ಓದುವುದೇ ಒಂದು ಪಾಠ: ಕೆನಡಾದ ಟೆರಿ ಫಾಕ್ಸ್ ಸಂಶೋಧನಾ ಸಂಸ್ಥೆ, ಪ್ರಾಂತಗಳ ಕ್ಯಾನ್ಸರ್ ಪ್ರತಿಷ್ಠಾನಗಳು, ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ, ಕ್ಯಾನ್ಸರ್ ರಿಸರ್ಚ್ ಯುಕೆ, ರಾಯ್ ಕಾಸಲ್ ಪ್ರತಿಷ್ಠಾನ. ಇಷ್ಟೂ ಕಡೆ ಬೇರೆಬೇರೆ ಅರ್ಜಿ, ಬೇರೆಬೇರೆ ಲೆಕ್ಕಪತ್ರ.

ಯುರೋಪು ತನ್ನ ಹಳೆಯ ಅನುಭವದಿಂದ ಸ್ವಲ್ಪ ಕಲಿತಿದೆ ಎನ್ನಬಹುದು. 2020ರಲ್ಲಿ ಆರಂಭವಾದ 'ಫೋರ್ ಇನ್ ದ ಲಂಗ್ ರನ್' ಯೋಜನೆ ಹಲವು ದೇಶಗಳ ಸುಮಾರು 24,000 ಜನರನ್ನು ಮೊದಲಿನಿಂದಲೇ ಒಂದೇ ಕ್ರಮದಡಿ ತಂದು, ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದವರನ್ನು ಪ್ರತಿ ವರ್ಷ ಕರೆಯಬೇಕೇ, ಎರಡು ವರ್ಷಕ್ಕೊಮ್ಮೆ ಕರೆದರೆ ಸಾಕೇ ಎಂದು ಪರೀಕ್ಷಿಸುತ್ತಿದೆ. ಸಾಕು ಎಂಬ ಉತ್ತರ ಬಂದರೆ ಪ್ರತಿ ದೇಶದ ಕಾರ್ಯಕ್ರಮದ ಖರ್ಚಿನಲ್ಲಿ ದೊಡ್ಡ ಭಾಗ ಉಳಿಯುತ್ತದೆ. 2022ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದ ಮಂಡಳಿ ಕ್ಯಾನ್ಸರ್ ತಪಾಸಣೆಯ ಕುರಿತ ತನ್ನ ಶಿಫಾರಸಿನಲ್ಲಿ ಶ್ವಾಸಕೋಶ ತಪಾಸಣೆಯನ್ನೂ ಸೇರಿಸಿದ ಮೇಲೆ, ಅದನ್ನು ಜಾರಿಗೆ ತರುವ ಬಗೆಯನ್ನು ಅರಿಯಲು ಸೊಲೇಸ್ ಎಂಬ ಯೋಜನೆಗೆ 2023ರಲ್ಲಿ ಹಣ ಬಂತು.

ಅಟ್ಲಾಂಟಿಕ್‌ನ ಆಚೆ ಗಾಳಿ ತಿರುಗಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದರೆ ಎನ್‌ಐಎಚ್, ಹೊಸ ವ್ಯವಸ್ಥೆ ಸಿದ್ಧವಾಗುವವರೆಗೆ ವಿದೇಶಿ ಉಪ-ಅನುದಾನಗಳಿರುವ ಹೊಸ ಅನುದಾನಗಳನ್ನು ಕೊಡುವುದಿಲ್ಲ ಎಂದು 2025ರ ಮೇ 1ರಂದು ಪ್ರಕಟಿಸಿದವು. ಅಲ್ಲಿಯವರೆಗಿದ್ದ ರೂಢಿಯಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಅನುದಾನ ಪಡೆದು ಅದರ ಒಂದು ಭಾಗವನ್ನು ಹೊರದೇಶದ ಪಾಲುದಾರರಿಗೆ ಹಂಚುತ್ತಿತ್ತು. ಹೀಗೆ ಹಂಚಿದ ಹಣದ ಜಾಡು ಹಿಡಿಯುವುದು ಕಷ್ಟವಾಗಿದೆ ಎಂಬುದು ಸಂಸ್ಥೆ ಕೊಟ್ಟ ಕಾರಣ, ಮತ್ತು ಆ ಕಾರಣ ಪೊಳ್ಳಲ್ಲ. ಆದರೆ ಮರುವ್ಯವಸ್ಥೆಯ ಅವಧಿಯಲ್ಲಿ ತಪ್ಪಿಹೋಗುವ ಒಂದು ವಾರ್ಷಿಕ ಸ್ಕ್ಯಾನನ್ನು ಮುಂದಿನ ವರ್ಷ ಮಾಡಿ ಸರಿಪಡಿಸಲು ಬರುವುದಿಲ್ಲ. ವರ್ಷಕ್ಕೊಂದು ಎಂದು ಜೋಡಿಸಿದ ಸರಪಳಿಯಲ್ಲಿ ಒಂದು ಕೊಂಡಿ ಕಳೆದರೆ ಆ ಅವಧಿಯಲ್ಲಿ ಗಂಟು ಬೆಳೆದ ವೇಗ ಸರಿಯಾಗಿ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಹಂಚಿಕೊಂಡ ದತ್ತಾಂಶಕ್ಕೆ ಹಾಕಿದ ಹಣ ಎಷ್ಟು ಕಾಲ ಫಲ ಕೊಡುತ್ತದೆ ಎಂಬುದಕ್ಕೂ ಅಮೆರಿಕದ್ದೇ ಉದಾಹರಣೆಗಳಿವೆ. ಸರ್ಕಾರಿ ಸಂಸ್ಥೆಗಳು, ಏಳು ವಿದ್ಯಾಸಂಸ್ಥೆಗಳು ಮತ್ತು ಎಂಟು ವೈದ್ಯಕೀಯ ಚಿತ್ರಣ ಕಂಪನಿಗಳು ಕೂಡಿ 1,018 ಸಿ.ಟಿ. ಸ್ಕ್ಯಾನ್‌ಗಳ ಸಂಗ್ರಹವೊಂದನ್ನು ಕಟ್ಟಿ ಎಲ್ಲರಿಗೂ ಮುಕ್ತವಾಗಿಟ್ಟವು. ಪ್ರತಿಯೊಂದನ್ನೂ ನಾಲ್ವರು ರೇಡಿಯಾಲಜಿಸ್ಟ್‌ಗಳು ಓದಿ ಗಂಟುಗಳನ್ನು ಗುರುತಿಸಿದರು. 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಂಟು ಎಂದು ಕನಿಷ್ಠ ಒಬ್ಬರಾದರೂ ಗುರುತಿಸಿದ್ದು 2,669. ನಾಲ್ವರೂ ಒಪ್ಪಿದ್ದು ಅವುಗಳಲ್ಲಿ 928 ಮಾತ್ರ. ನುರಿತ ಕಣ್ಣುಗಳ ನಡುವೆಯೇ ಇಷ್ಟು ಭಿನ್ನಾಭಿಪ್ರಾಯವಿದೆ ಎಂಬ ಈ ಒಂದು ತಿಳಿವಳಿಕೆ ಮುಂದೆ ಬಂದ ನೂರಾರು ಕಂಪ್ಯೂಟರ್ ಕ್ರಮವಿಧಿಗಳಿಗೆ ತಳಹದಿಯಾಯಿತು. ಹಾಗೆಯೇ 2002ರಲ್ಲಿ ಎನ್‌ಎಲ್‌ಎಸ್‌ಟಿಗೆ ಹಾಕಿದ ಹಣದಿಂದ ಬಂದ ಚಿತ್ರಗಳನ್ನೇ ಬಳಸಿ, ಒಂದೇ ಸ್ಕ್ಯಾನಿನಿಂದ ಮುಂದಿನ ಆರು ವರ್ಷಗಳ ಅಪಾಯವನ್ನು ಅಂದಾಜಿಸುವ ಸಿಬಿಲ್ ಎಂಬ ಕೃತಕ ಬುದ್ಧಿಮತ್ತೆಯ ಮಾದರಿಯನ್ನು ಅಮೆರಿಕದ ಸಂಶೋಧಕರು ತರಬೇತುಗೊಳಿಸಿ, ತೈವಾನಿನ ಆಸ್ಪತ್ರೆಯೊಂದರ ಸ್ಕ್ಯಾನ್‌ಗಳ ಮೇಲೂ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಇಪ್ಪತ್ತು ವರ್ಷಗಳ ಹಿಂದೆ ಚಿತ್ರಗಳನ್ನು ಜೋಪಾನವಾಗಿಡಲು ಹಣ ಮಂಜೂರು ಮಾಡಿದವರ ಕಲ್ಪನೆಯಲ್ಲಿ ಇಂಥದ್ದು ಇದ್ದಿರಲಾರದು. ಚಿತ್ರಗಳನ್ನು ಗಡಿಯಾಚೆ ಕಳಿಸಲು ಖಾಸಗಿತನದ ಕಾನೂನುಗಳು ಅಡ್ಡ ಬರುವುದರಿಂದ, ಅವುಗಳನ್ನು ಇದ್ದಲ್ಲೇ ಇಟ್ಟು ಲೆಕ್ಕ ಹಾಕುವ ಸಾಫ್ಟ್‌ವೇರನ್ನೇ ಅಲ್ಲಿಗೆ ಕಳಿಸುವ ಜಾಲವೊಂದನ್ನು ಶ್ವಾಸಕೋಶ ಕ್ಯಾನ್ಸರ್ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ಎಲಿಕ್ ಎಂಬ ಹೆಸರಿನಲ್ಲಿ ಕಟ್ಟುತ್ತಿದೆ.

ಸರ್ಕಾರಗಳು ಹಿಂಜರಿದಲ್ಲಿ ಖಾಸಗಿ ಹಣ ಬರುತ್ತದೆ. ಯಾವ ಖಾಸಗಿ ಹಣ ಎಂಬುದು ಈ ರೋಗದ ಮಟ್ಟಿಗೆ ವಿಶೇಷವಾಗಿ ಸೂಕ್ಷ್ಮ. ನ್ಯೂಯಾರ್ಕಿನಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿದ ಐ-ಎಲ್ಕ್ಯಾಪ್ ಈ ಕ್ಷೇತ್ರದ ಮೊದಲ ದೊಡ್ಡ ಅಂತರರಾಷ್ಟ್ರೀಯ ಸಹಕಾರ. ಅದು 2006ರಲ್ಲಿ 31,567 ಜನರ ತಪಾಸಣೆಯ ಫಲಿತಾಂಶ ಪ್ರಕಟಿಸಿ, ಪತ್ತೆಯಾದ 484 ಕ್ಯಾನ್ಸರುಗಳಲ್ಲಿ ಶೇ 85 ಮೊದಲ ಹಂತದಲ್ಲೇ ಇದ್ದವೆಂದು ತೋರಿಸಿತು. ಹೋಲಿಕೆಗೆ ತಪಾಸಣೆಯಿಲ್ಲದ ಗುಂಪು ಇಲ್ಲದಿದ್ದುದರಿಂದ ಅದರ ತೀರ್ಮಾನಗಳ ಬಗ್ಗೆ ಮೊದಲೇ ವಾದವಿತ್ತು. ಆ ಅಧ್ಯಯನಕ್ಕೆ ನೆರವು ನೀಡಿದ ಪ್ರತಿಷ್ಠಾನವೊಂದಕ್ಕೆ ಬಹುತೇಕ ಎಲ್ಲ ಹಣ, ಸುಮಾರು 36 ಲಕ್ಷ ಡಾಲರ್, ಸಿಗರೇಟು ತಯಾರಕ ಲಿಗೆಟ್‌ನ ಮಾತೃಸಂಸ್ಥೆಯಿಂದ ಬಂದಿತ್ತೆಂದು 2008ರಲ್ಲಿ 'ದಿ ನ್ಯೂಯಾರ್ಕ್ ಟೈಮ್ಸ್' ವರದಿ ಮಾಡಿತು. ಕೊಡುಗೆಯನ್ನು ಆಗಲೇ ಬಹಿರಂಗವಾಗಿ ಪ್ರಕಟಿಸಲಾಗಿತ್ತು ಎಂಬುದು ಸಂಶೋಧಕರ ಸಮಜಾಯಿಷಿಯಾಗಿತ್ತು. ಆದರೂ ಚರ್ಚೆ ವಿಜ್ಞಾನದಿಂದ ಹಣದ ಮೂಲದತ್ತ ವಾಲಿತು. ತಂಬಾಕಿನ ಮೇಲೆ ಸರ್ಕಾರ ಹಾಕುವ ತೆರಿಗೆಯನ್ನು ತಪಾಸಣಾ ಸಂಶೋಧನೆಗೆ ಬಳಸುವುದು ಬೇರೆ ವಿಷಯ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಕಂಪನಿ ತಾನೇ ಆರಿಸಿದ ಕೈಗೆ ಕೊಡುವ ಕಾಣಿಕೆ ಬೇರೆ. ಲಂಡನ್ನಿನಲ್ಲಿ ಸುಮಾರು 13,000 ಜನರನ್ನು ಒಳಗೊಂಡ ಸಮ್ಮಿಟ್ ಅಧ್ಯಯನಕ್ಕೆ ರಕ್ತಪರೀಕ್ಷೆ ಅಭಿವೃದ್ಧಿಪಡಿಸುವ ಗ್ರೇಲ್ ಕಂಪನಿ ಹಣ ಕೊಟ್ಟಿದೆ. ಅದು ತಂಬಾಕಿನ ಹಣದಂತಲ್ಲ, ಅಧ್ಯಯನದಿಂದ ಉಪಯುಕ್ತ ಮಾಹಿತಿಯೂ ಬಂದಿದೆ, ಆದರೆ ಮಾರಾಟಕ್ಕೆ ಬರಬಹುದಾದ ಪ್ರಶ್ನೆಗಳಿಗೇ ಇಂಥ ಹಣ ಮೊದಲು ಹರಿಯುವುದು ಸಹಜ.

ಮಾರಾಟಕ್ಕೆ ಬಾರದ ಪ್ರಶ್ನೆಗಳಲ್ಲಿ ಅತಿ ದೊಡ್ಡದು, ಈಗಿನ ನಿಯಮಗಳು ಯಾರಿಗೆ ಹೊಂದುತ್ತವೆ ಎಂಬುದು. ಎನ್‌ಎಲ್‌ಎಸ್‌ಟಿ, ನೆಲ್ಸನ್ ಎರಡರಲ್ಲೂ ಇದ್ದವರು ಬಹುಪಾಲು ಯುರೋಪಿಯನ್ ಮೂಲದ ಧೂಮಪಾನಿಗಳು. ಪೂರ್ವ ಏಷ್ಯಾದಲ್ಲಿ ಎಂದೂ ಸಿಗರೇಟು ಮುಟ್ಟದ ಮಹಿಳೆಯರಲ್ಲೂ ಈ ಕ್ಯಾನ್ಸರ್ ಗಣನೀಯವಾಗಿ ಕಾಣಿಸುತ್ತದೆ. ತೈವಾನ್ ಇದನ್ನು ಗಂಭೀರವಾಗಿ ತೆಗೆದುಕೊಂಡು, ಕುಟುಂಬದ ಇತಿಹಾಸದಂಥ ಅಪಾಯಕಾರಕಗಳಿದ್ದ 12,011 ಮಂದಿ ಧೂಮಪಾನ ಮಾಡದವರನ್ನು ಪರೀಕ್ಷಿಸಿದಾಗ ಶೇ 2.6 ಜನರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. 2022ರಲ್ಲಿ ಆರಂಭಿಸಿದ ತನ್ನ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕುಟುಂಬದ ಇತಿಹಾಸವುಳ್ಳವರನ್ನೂ ಅದು ಸೇರಿಸಿತು. ಹೀಗೆ ಪತ್ತೆಯಾದವುಗಳಲ್ಲಿ ಎಷ್ಟು ಜೀವ ತೆಗೆಯುತ್ತಿದ್ದವು, ಎಷ್ಟು ಸುಮ್ಮನೆ ಇರುತ್ತಿದ್ದವು ಎಂಬುದು ಇನ್ನೂ ಬಿಡಿಸದ ಕಗ್ಗಂಟು, ಅದನ್ನು ಬಿಡಿಸಲು ಹೋಲಿಕೆಯ ಗುಂಪಿರುವ ದೊಡ್ಡ ಪ್ರಯೋಗವೇ ಬೇಕು. ಕ್ಷಯ ಹೆಚ್ಚಾಗಿರುವ ದೇಶಗಳ ಸಮಸ್ಯೆ ಇನ್ನೊಂದು ಬಗೆಯದು. ಬ್ರೆಜಿಲ್‌ನಲ್ಲಿ 790 ಜನರ ಮೇಲೆ ನಡೆದ ಆರಂಭಿಕ ಅಧ್ಯಯನದಲ್ಲಿ ಸುಮಾರು ಶೇ 39 ಜನರ ಸ್ಕ್ಯಾನ್ ಸಂಶಯಾಸ್ಪದವಾಗಿ ಬಂತು, ಕ್ಯಾನ್ಸರ್ ಇದ್ದದ್ದು ಶೇ 1.3 ಜನರಲ್ಲಿ. ಹಳೆಯ ಸೋಂಕಿನ ಕಲೆಗಳು ಇಂಥ ಕಡೆ ಅಷ್ಟು ಸಾಮಾನ್ಯ. ಅಂಥ ಶ್ವಾಸಕೋಶಗಳಿಗೆ ಬೇರೆಯೇ ಮಿತಿಗಳು ಬೇಕಾಗಬಹುದು, ಅವುಗಳನ್ನು ನಿರ್ಧರಿಸುವ ಸಂಶೋಧನೆಗೆ ಹಣವಿರುವ ದೇಶಗಳಲ್ಲಿ ಅಂಥ ರೋಗಿಗಳು ಕಡಿಮೆ, ರೋಗಿಗಳಿರುವ ದೇಶಗಳಲ್ಲಿ ಹಣ ಕಡಿಮೆ. ಅಂತರರಾಷ್ಟ್ರೀಯ ನಿಧಿ ಎಂಬುದೊಂದು ಇರಬೇಕಾದದ್ದು ಮೊದಲು ಇಲ್ಲಿ.

ಇಷ್ಟೆಲ್ಲ ಹಣವನ್ನು ಸಿಗರೇಟು ಬಿಡಿಸಲು ಖರ್ಚು ಮಾಡಬಾರದೇಕೆ ಎಂಬ ಆಕ್ಷೇಪ ಸದಾ ಬರುತ್ತದೆ, ಮತ್ತು ಅದು ಬಲವಾದದ್ದೇ. ಸಾವು ತಪ್ಪಿಸುವ ವಿಷಯದಲ್ಲಿ ತಂಬಾಕು ನಿಯಂತ್ರಣಕ್ಕೆ ಸಮನಾದದ್ದು ಬೇರೊಂದಿಲ್ಲ. ಆದರೆ ಸಿಗರೇಟು ಬಿಟ್ಟವರ ಅಪಾಯ ವರ್ಷಗಟ್ಟಲೆ ಉಳಿಯುತ್ತದೆ, ಅವರಿಗೆ ಹೇಳಲು ತಪಾಸಣೆಯ ಹೊರತು ಹೆಚ್ಚೇನೂ ಇಲ್ಲ. ಅಮೆರಿಕದಲ್ಲಿ ಅರ್ಹರಾದವರಲ್ಲಿ ಐವರಲ್ಲಿ ಒಬ್ಬರೂ ತಪಾಸಣೆಗೆ ಬರುತ್ತಿಲ್ಲ ಎಂಬುದನ್ನು ನೋಡಿದರೆ, ಜನ ಏಕೆ ಬರುವುದಿಲ್ಲ ಎಂಬುದರ ಸಂಶೋಧನೆಗೂ ಪಾಲು ಸಿಗಬೇಕು.

ಸಮಯದ ಪ್ರಶ್ನೆ ಇರುವುದು ಈಗಲೇ. ದಕ್ಷಿಣ ಕೊರಿಯ 2019ರಲ್ಲಿ, ಕ್ರೊಯೇಷಿಯ 2020ರಲ್ಲಿ, ಆಸ್ಟ್ರೇಲಿಯ 2025ರ ಜುಲೈಯಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿವೆ. ಇಂಗ್ಲೆಂಡ್ 2030ರ ಹೊತ್ತಿಗೆ ದೇಶವಿಡೀ ವಿಸ್ತರಿಸುವುದಾಗಿ ಹೇಳಿದೆ. ಅಂದರೆ ಮುಂದಿನ ಕೆಲವು ವರ್ಷಗಳಲ್ಲಿ ಹಿಂದಿನ ಎಲ್ಲ ಪ್ರಯೋಗಗಳು ಕೂಡಿಯೂ ಮಾಡದಷ್ಟು ಸ್ಕ್ಯಾನ್‌ಗಳು, ಸಂಶೋಧನೆಯ ಖರ್ಚಿಲ್ಲದೆ, ಆರೋಗ್ಯ ವ್ಯವಸ್ಥೆಗಳ ಖರ್ಚಿನಲ್ಲೇ ನಡೆಯಲಿವೆ. ಅವು ಮುಂದೆ ಹೋಲಿಕೆಗೆ ಒದಗಬೇಕಾದರೆ ಎಲ್ಲ ಕಡೆಯೂ ತೆಳುವಾದ ಪದರಗಳ ಚಿತ್ರಗಳನ್ನೇ, ಒಪ್ಪಿತವಾದ ಒಂದೇ ಕ್ರಮದಲ್ಲಿ ಉಳಿಸಬೇಕು. ಸಿ.ಟಿ. ಯಂತ್ರ ಹಿಡಿದ ಮೂಲ ದತ್ತಾಂಶ ಸಾಮಾನ್ಯವಾಗಿ ಕೆಲವೇ ದಿನ ಅಥವಾ ವಾರಗಳಲ್ಲಿ ಯಂತ್ರದಿಂದ ಅಳಿಸಿಹೋಗುತ್ತದೆ. ಜಾಗ ಉಳಿಸಲು ದಪ್ಪ ಪದರಗಳ ಚಿತ್ರಗಳನ್ನಷ್ಟೇ ಇಟ್ಟುಕೊಂಡ ಆಸ್ಪತ್ರೆಯಲ್ಲಿ, ಹತ್ತು ವರ್ಷದ ನಂತರ ಎಷ್ಟೇ ಅನುದಾನ ಬಂದರೂ, ಆ 5 ಮಿಲಿಮೀಟರಿನ ಗಂಟನ್ನು ಮತ್ತೊಮ್ಮೆ ಸರಿಯಾಗಿ ಅಳೆಯಲು ಬರುವುದಿಲ್ಲ.